ಸವಳು ನೀರು ಕುಡಿದ ಮೋಟಾರು

ಖಾಕಿ ಕೋಟು ತೊಟ್ಟು ಮೋಟಾರಿನ ಚಕ್ರ ಹಿಡಿದು ಕೂತರೆ, ನಮ್ಮ ಪಕ್ಕದ ಮನೆಯ ಮಾಳಿಂಗಪ್ಪನಿಗೆ ನೆಲ ಕಾಣುತ್ತಿರಲಿಲ್ಲ. ಮಹಾಯುದ್ಧದ ಕಾಲ. ಆಳಂದದಿಂದ ನರೋಣಾ ಕಡೆಗೆ ಪ್ಯಾಸೆಂಜರುಗಳನ್ನು ಹೊತ್ತು ಓಡುತ್ತಿದ್ದ ಅಣ್ಣಾರಾಯ ಸಾಹುಕಾರರ ಸರ್ವಿಸ್ ಮೋಟಾರಿಗೆ ಅವನೇ ಡ್ರೈವರು. ಕ್ಲೀನರ್ ಹುಲೆಪ್ಪ ಹೊಲೆಗೇರಿಯವನು. ಆ ಕೇರಿಯಲ್ಲಿ ತಿಂಗಳ ಪಗಾರ ಕಂಡ ಮೊದಲ ಗಂಡಸು ಅವನೇ. ಕೂಲಿ ಬಿಟ್ಟು ಮೋಟಾರು ಹತ್ತಿದವನೆಂದು ಅವನ ಹೆಂಡತಿ ಸಾಬವ್ವ ನಾಲ್ಕು ಜನರೆದುರು ತಲೆ ಎತ್ತಿ ಓಡಾಡುತ್ತಿದ್ದಳು.

ಮೋಟಾರು ನೀರು ತುಂಬಿಕೊಳ್ಳುತ್ತಿದ್ದುದು ನಮ್ಮೂರಲ್ಲಿ. ಊರ ನಡುವಿನದು ಸೀನೀರಿನ ಬಾವಿ. ಹುಲೆಪ್ಪನ ಜನ ಅದನ್ನು ಮುಟ್ಟುವಂತಿರಲಿಲ್ಲ. ಕೇರಿಯ ಬಾವಿಯದು ಸವಳು ನೀರು, ಬೇಳೆ ಕೂಡ ಬೇಯುತ್ತಿರಲಿಲ್ಲ. ಯಾರಾದರೂ ಸೇದಿ ಹಾಕಲಿ ಎಂದು ಹುಲೆಪ್ಪ ಡಬ್ಬಿ ಹಿಡಿದು ಸೀನೀರಿನ ಬಾವಿಯಿಂದ ದೂರದಲ್ಲಿ ನಿಂತಿರಬೇಕಿತ್ತು. ಹೊತ್ತಾಗುತ್ತಿತ್ತು. ಮಾಳಿಂಗಪ್ಪ ರೇಗಿದ.

"ಮೋಟಾರಕ್ಕೇನು ನಾಲಿಗಿ ಅದ ಏನಲೇ ಹುಲ್ಯಾ? ಜಾತಿ ಅದ ಏನು? ನಿಮ್ಮ ಬಾವಿ ನೀರೇ ತಂದು ಹೊಯ್ಯಿ."

ಅಂದಿನಿಂದ ಹುಲೆಪ್ಪ ಕೇರಿಯ ನೀರನ್ನೇ ಹೊಯ್ದ.

ಬೇಸಿಗೆ ಬಂತು. ಏರು ಹತ್ತುವಾಗ ಮೋಟಾರು ಬುಸ್ಸೆಂದು ಹಬೆ ಉಗುಳಿ ನಿಲ್ಲತೊಡಗಿತು. ಒಂದು ದಿನ ಸಾಹುಕಾರರೇ ಒಳಗಿದ್ದರು. ಇಳಿದು ಗುಡುಗಿದರು. ಮಾಳಿಂಗಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ.

"ಹುಲ್ಯಾ ನೀರ ಪೂರಾ ತುಂಬಂಗಿಲ್ರಿ."

"ಬಾಯಿತನಕ ತುಂಬೇನ್ರಿ ಸಾವ್ಕಾರ್ರ," ಅಂದ ಹುಲೆಪ್ಪ.

ಪ್ಯಾಸೆಂಜರುಗಳ ಮುಂದೆಯೇ ಅವನನ್ನು ಸುಳ್ಳುಬುರುಕ ಎಂದು ಬೈದು ಸಾಹುಕಾರರು ಕೆಲಸದಿಂದ ತೆಗೆದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಡ್ರೈವರು ಮನುಷ್ಯನನ್ನೇ ಡೊಂಕು ಮಾಡಿದ. ನನಗೆ ಈಗಲೂ ಮೈ ಉರಿಯುತ್ತದೆ.

ಮರುದಿನ ಮಾಳಿಂಗಪ್ಪ ತಾನೇ ನೀರು ತುಂಬಿದ, ತುಳುಕುವಷ್ಟು. ಅದೇ ಏರಿನಲ್ಲಿ ಮೋಟಾರು ಮತ್ತೆ ಕುದಿಯಿತು. ಅವನು ಇಳಿದು ಮುಚ್ಚಳ ಎತ್ತಿದ. ಫ್ಯಾನಿನ ಪಟ್ಟಿ ನೋಡಿದ, ಬಿಗಿ ಇತ್ತು. ರಬ್ಬರಿನ ಕೊಳವೆ ಸೋರುತ್ತಿರಲಿಲ್ಲ. ಎಣ್ಣೆಯೂ ಇತ್ತು. ಮೋಟಾರಿನ ಮೂತಿಯಲ್ಲಿ ರೇಡಿಯೇಟರು ಇರುತ್ತದಲ್ಲ, ಅದರ ಸಣ್ಣ ನಳಿಗೆಗಳಲ್ಲಿ ನೀರು ಇಳಿದು ಆರಬೇಕು. ಅದರ ಮೇಲ್ಭಾಗ ಮುಟ್ಟಿದರೆ ಬೆರಳು ಸುಟ್ಟಿತು, ಕೆಳಭಾಗ ತಣ್ಣಗಿತ್ತು. ನೀರು ಕೆಳಗೆ ಇಳಿಯುತ್ತಲೇ ಇಲ್ಲ. ಏಕೆಂದು ತಿಳಿಯಲಿಲ್ಲ, ಹುಲೆಪ್ಪನದು ತಪ್ಪಲ್ಲ ಎಂಬುದಂತೂ ತಿಳಿಯಿತು.

ಅಂದಿನಿಂದ ಹೆಂಡತಿ ಅಂಬುಬಾಯಿ ಹುಲೆಪ್ಪನ ಹೆಸರೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನಂತೆ ಸಿಡುಕುತ್ತಿದ್ದ. ಕೊನೆಗೆ ಕೋಟು ಬಿಚ್ಚಿಟ್ಟು ಕೇರಿಗೆ ನಡೆದ. ಹುಲೆಪ್ಪ ಕಲ್ಲು ಒಡೆದು ಬಂದು ಅಂಗಳದಲ್ಲಿ ಕೂತಿದ್ದ. ಸಾಬವ್ವ ನೀರು ಕಾಯಿಸುವ ತಪೇಲಿಯ ಒಳಗಿನಿಂದ ಬಿಳಿ ಹಕ್ಕಳೆ ಕೆರೆದು ತೆಗೆಯುತ್ತಿದ್ದಳು.

"ಇದೇನವ್ವಾ?"

"ಸವಳ ನೀರಿನ ಹಕ್ಕಳಿರಿ. ಕುದಿಸಿದಂಗೆಲ್ಲ ಕುಂದರ್ತದ. ಹುಣಸಿ ಹುಳಿ ಹಾಕಿ ಕಾಸಿದ್ರ ಬಿಡ್ತದರಿ."

ಮಾಳಿಂಗಪ್ಪ ಆ ತಪೇಲಿಯನ್ನೇ ನೋಡಿದ. ಮೋಟಾರಿನ ನಳಿಗೆಗಳಲ್ಲಿ ಕೂತದ್ದೂ ಇದೇ. ಹೊಯ್ಯಿ ಅಂದ ಬಾಯಿ ತನ್ನದೇ.

"ಹುಲೆಪ್ಪಾ, ತಪ್ಪು ನಂದು," ಅಂದ. ಹುಲ್ಯಾ ಅನ್ನಲು ನಾಲಿಗೆ ಹೊರಳಲಿಲ್ಲ. "ಈ ನೀರ ಮೋಟಾರಕ್ಕ ಆಗಂಗಿಲ್ಲ."

ಹುಲೆಪ್ಪ ಸಿಟ್ಟಾಗಲಿಲ್ಲ. "ನಿಮಗ ಒಂದೇ ಬ್ಯಾಸಗ್ಯಾಗ ತಿಳೀತು, ಡ್ರೈವರ ಸಾಬ. ನಾವು ಹುಟ್ಟಿದಾಗಿಂದ ಇದನ್ನೇ ಕುಡ್ಯಾಕತ್ತೇವ್ರಿ."

ಮಾಳಿಂಗಪ್ಪ ಸಾಬವ್ವನ ಹತ್ತಿರ ಒಂದು ಹಿಡಿ ಹುಣಸೆ ಹುಳಿ ಕೇಳಿ ತಂದ.

ಹುಣಸೆ ಹುಳಿಯ ನೀರು ತುಂಬಿ ಇಂಜಿನ್ನು ಓಡಿಸಿ ಖಾಲಿ ಮಾಡಿದಾಗ ಸುಣ್ಣದಂಥ ನೀರು ಹರಿಯಿತು. ಮೂರ್ನಾಲ್ಕು ಸಲ ತೊಳೆದ ಮೇಲೆ ರೇಡಿಯೇಟರಿನ ಕೆಳಭಾಗವೂ ಬೆಚ್ಚಗಾಯಿತು. ಮೋಟಾರು ಏರು ಹತ್ತಿತು. ಹುಲೆಪ್ಪನನ್ನು ಬೈದ ಜಾಗದಲ್ಲೇ, ಪ್ಯಾಸೆಂಜರುಗಳ ಮುಂದೆಯೇ ಮಾಳಿಂಗಪ್ಪ ಸಾಹುಕಾರರಿಗೆ ಎಲ್ಲ ಹೇಳಿದ. ಅವರು ಅವನನ್ನು ಬೈದರು, ಹುಲೆಪ್ಪನನ್ನು ಕರೆಸಿಕೊಂಡರು.

ಮುಂದೆ ಮೋಟಾರಿಗೆ ಸೀನೀರು ಸೇದುವ ಕೆಲಸ ಮಾಳಿಂಗಪ್ಪನದೇ ಆಯಿತು. ಮೋಟಾರಿಗೆ ಎಂದರೆ ಊರು ತುಟಿ ಬಿಚ್ಚುತ್ತಿರಲಿಲ್ಲ. ದಿನಕ್ಕೆ ಎರಡು ಡಬ್ಬಿ ಸೇದುತ್ತಿದ್ದ. ಒಂದು ರೇಡಿಯೇಟರಿಗೆ ಹೋಗುತ್ತಿತ್ತು. ಇನ್ನೊಂದು ಕೇರಿಯ ತಿರುವಿನಲ್ಲಿ ಹುಲೆಪ್ಪನ ಕೈಯಲ್ಲಿ ಇಳಿದು ಸಾಬವ್ವನ ಕೊಡ ಸೇರುತ್ತಿತ್ತು. ಅದು ಸಾಬವ್ವನಿಗೆ ಎಂದು ಬಾಯಿಬಿಟ್ಟು ಹೇಳುವ ಎದೆಗಾರಿಕೆ ಮಾತ್ರ ಆ ಗತ್ತಿನ ಡ್ರೈವರಿಗೆ ಬರಲಿಲ್ಲ.

"ಏನಪಾ, ಮೋಟಾರು ರಿಪೇರಿ ಆದ ಮ್ಯಾಲೂ ಇಷ್ಟು ನೀರ ಕುಡೀತದೇನು?" ಎಂದು ಸಾಹುಕಾರರು ಒಮ್ಮೆ ಕೇಳಿದರು.

ಮಾಳಿಂಗಪ್ಪ ತಲೆ ಎತ್ತಲಿಲ್ಲ. "ಕುಡೀತದ್ರಿ. ಭಾಳ ದಿನದ ನೀರಡಿಕಿ ಅದರಿ," ಅಂದ.