ಗೋಡೆಗೆ ಮುಖಮಾಡಿ ಕೂತ ನಾಟಕದ ಮೇಷ್ಟ್ರು

ಕುದೂರಿನ ಸುತ್ತಮುತ್ತ ಹಾರ್ಮೋನಿಯಂ ರಾಮಲಿಂಗಯ್ಯನವರನ್ನು ಬಲ್ಲ ಹಿರಿಯರು ಈಗಲೂ ಇದ್ದಾರೆ. ರಾಗಿ ಹೊಲದಿಂದ ನೇರವಾಗಿ ಬಂದು ಕಿರೀಟ ಕಟ್ಟಿಕೊಳ್ಳುತ್ತಿದ್ದ ರೈತರಿಗೆ ನಾಟಕ ಕಲಿಸಿದವರು ಅವರು. ರಂಗದ ಮುಂದೆ ಪೆಟ್ಟಿಗೆ ಇಟ್ಟುಕೊಂಡು ಕೂತರೆ ಶ್ರುತಿಯೂ ಅವರದೇ, ಮಾತೂ ಅವರದೇ. ಪಾತ್ರಧಾರಿ ಮಾತು ಮರೆತರೆ ಕೆಳಗಿನಿಂದಲೇ ಎತ್ತಿಕೊಡುತ್ತಿದ್ದರು. ಕೆಲವರಿಗಂತೂ ಇಡೀ ನಾಟಕವನ್ನೇ ಎತ್ತಿಕೊಟ್ಟದ್ದುಂಟು. ನೋಡುವ ಜನ ಅದನ್ನು ಕೊರತೆಯೆಂದು ಎಣಿಸುತ್ತಿರಲಿಲ್ಲ. ಮೇಷ್ಟ್ರು ಇರುವುದೇ ಅದಕ್ಕಲ್ಲವೇ ಎನ್ನುತ್ತಿದ್ದರು.

ಅವರ ಮಗ ಬಾಲರಾಜು ಆ ಪೆಟ್ಟಿಗೆಯ ಪಕ್ಕದಲ್ಲೇ ಬೆಳೆದು, ರಾಮನಗರದ ಒಂದು ಸರ್ಕಾರಿ ಪ್ರೌಢಶಾಲೆಗೆ ನಾಟಕದ ಮೇಷ್ಟ್ರಾಗಿ ಬಂದರು. ಬಂದು ಇಪ್ಪತ್ತೆರಡು ವರ್ಷವಾಯಿತು. ತರಗತಿಯಲ್ಲಿ ಹಾಜರಿ ಹೇಳಲೂ ಬಾಯಿ ಬಿಡದ ಮಕ್ಕಳನ್ನು ಅವರು ಮೈದಾನದ ಒಂದು ತುದಿಯಲ್ಲಿ ನಿಲ್ಲಿಸಿ, ಬಸ್ ಕಂಡಕ್ಟರನ ಹಾಗೆ ‘ಕನಕಪುರ, ಕನಕಪುರ’ ಎಂದು ಕೂಗಿಸುತ್ತಿದ್ದರು. ಒಮ್ಮೆ ಒಬ್ಬ ಅಜ್ಜಿ ಆ ಕೂಗನ್ನು ನಂಬಿ, ಚೀಲ ಹಿಡಿದುಕೊಂಡು ಶಾಲೆಯ ಗೇಟಿನೊಳಗೆ ಓಡಿ ಬಂದಿದ್ದಳು. ಮೇಷ್ಟ್ರು ಅವಳನ್ನು ಕೂರಿಸಿ ನೀರು ಕೊಟ್ಟು, ತಾವೇ ಬಸ್ ನಿಲ್ದಾಣಕ್ಕೆ ಬಿಟ್ಟು ಬಂದರು. ಕೂಗಿದ ಹುಡುಗನಿಗೆ ಆ ವರ್ಷ ದೊಡ್ಡ ಪಾತ್ರ ಸಿಕ್ಕಿತು.

ಆದರೆ ತಂದೆಯಿಂದ ಬಂದ ಒಂದು ಅಭ್ಯಾಸವನ್ನು ಅವರು ಬಿಟ್ಟಿರಲಿಲ್ಲ. ಮಕ್ಕಳು ಆಡುವಾಗ ಎದುರಿಗೇ ಕೂತು, ಪ್ರತಿಯೊಂದು ಮಾತನ್ನೂ ತಾವೂ ತುಟಿಯಲ್ಲಿ ಆಡುತ್ತಿದ್ದರು. ಮಕ್ಕಳ ಕಣ್ಣು ಸದಾ ಮೇಷ್ಟ್ರ ತುಟಿಯ ಮೇಲೆ. ಅಣ್ಣನ ಪಾತ್ರದವನು ತಮ್ಮನನ್ನು ಬೈಯುವಾಗಲೂ ಮೇಷ್ಟ್ರನ್ನೇ ನೋಡಿಕೊಂಡು ಬೈಯುತ್ತಿದ್ದ.

ಹೋದ ವರ್ಷ ಕನಕಪುರದಲ್ಲಿ ನಡೆದ ಜಿಲ್ಲಾ ಮಟ್ಟದ ನಾಟಕ ಸ್ಪರ್ಧೆಯಲ್ಲಿ ಅದರ ಫಲ ಸಿಕ್ಕಿತು. ಶಿಕ್ಷಕರು ಯಾರೂ ಸಭಾಂಗಣದೊಳಗೆ ಇರಕೂಡದು ಎಂದು ತೀರ್ಪುಗಾರರು ಹೊರಗೆ ಕಳಿಸಿಬಿಟ್ಟರು. ನಾಟಕ ಮೇಷ್ಟ್ರೇ ಬರೆದದ್ದು. ಎರಡು ಮನೆಗಳ ನಡುವೆ, ಎಲ್ಲೆಯ ಮೇಲೆಯೇ ಬೆಳೆದ ಹಲಸಿನ ಮರಕ್ಕಾಗಿ ಅಣ್ಣತಮ್ಮಂದಿರು ಜಗಳವಾಡುತ್ತಾರೆ, ಅವರ ಅಜ್ಜಿ ಅದನ್ನು ಬಗೆಹರಿಸುತ್ತಾಳೆ. ಅಜ್ಜಿಯ ಪಾತ್ರ ಆಗ ಒಂಬತ್ತನೆಯ ತರಗತಿಯಲ್ಲಿದ್ದ ಅಸ್ರಾಳದು. ಅವಳ ತಂದೆ ಮಕ್ಬೂಲ್ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸದವರು. ಗೂಡು ಮಾರಲು ಬರುವ ಹಳ್ಳಿಯ ಹೆಂಗಸರ ಮಾತನ್ನು ಚಿಕ್ಕಂದಿನಿಂದ ಕೇಳಿದ್ದ ಹುಡುಗಿಗೆ ಆ ಅಜ್ಜಿ ನಾಲಗೆಯ ತುದಿಯಲ್ಲೇ ಇದ್ದಳು. ಅಂಥವಳು ರಂಗಕ್ಕೆ ಬಂದು ಎದುರಿಗೆ ನೋಡಿದಳು. ಮೇಷ್ಟ್ರ ಮುಖ ಇಲ್ಲ. ಎರಡನೆಯ ಮಾತಿಗೇ ನಿಂತುಬಿಟ್ಟಳು. ಉಳಿದ ಮಕ್ಕಳೂ ಅವಳ ಹಾಗೆಯೇ ಖಾಲಿ ಕುರ್ಚಿಯನ್ನು ನೋಡುತ್ತ ನಿಂತರು. ಸಭೆ ನಕ್ಕಿತು. ಅಸ್ರಾ ಅಜ್ಜಿಯ ಕೋಲನ್ನು ಅಲ್ಲೇ ಇಟ್ಟು ಇಳಿದು ಹೋದಳು.

ಅಲ್ಲಿಂದ ಮುಂದೆ ಅವಳು ನಾಟಕದ ತರಗತಿಗೆ ಬರಲಿಲ್ಲ. ಆ ಅವಧಿಯಲ್ಲಿ ಗ್ರಂಥಾಲಯದಲ್ಲಿ ಕೂತಿರುತ್ತಿದ್ದಳು. ಪಾಠದಲ್ಲಿ ಪ್ರಶ್ನೆ ಕೇಳಿದರೂ ತಲೆ ತಗ್ಗಿಸುತ್ತಾಳೆಂದು ಬೇರೆ ಶಿಕ್ಷಕರು ಹೇಳಿದರು. ಬಾಲರಾಜು ಮೇಷ್ಟ್ರಿಗೆ ಆ ವರ್ಷವೆಲ್ಲ ಅದೇ ಚಿಂತೆಯಾಯಿತು. ಬಹುಮಾನ ಹೋದರೆ ಇನ್ನೊಂದು ವರ್ಷ ಬಂದೀತು. ಹತ್ತನೆಯ ತರಗತಿ ಮುಗಿಸಿ ಹೋಗುವ ಹುಡುಗಿ ಆ ನಗೆಯನ್ನು ಕಟ್ಟಿಕೊಂಡೇ ಹೋಗಿಬಿಟ್ಟರೆ, ಅದನ್ನು ಕಳೆಯುವವರು ಯಾರು? ಅವಳನ್ನು ಇನ್ನೊಮ್ಮೆ ರಂಗದ ಮೇಲೆ ನಿಲ್ಲಿಸಲು ಅವರಿಗಿದ್ದದ್ದು ಇದೊಂದೇ ವರ್ಷ.

ಜೂನ್ ತಿಂಗಳ ಒಂದು ಭಾನುವಾರ ಅವರು ಮಕ್ಬೂಲರ ಶೆಡ್ಡಿಗೆ ಹೋದರು. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತಿದ್ದವು, ಎಳೆಗಳು ಮೇಲೆ ತಿರುಗುವ ರಾಟೆಗೆ ಏರುತ್ತಿದ್ದವು. ಮೇಷ್ಟ್ರು ಸುತ್ತು ಬಳಸದೆ, ಹೋದ ವರ್ಷ ನಡೆದದ್ದು ಮಗುವಿನ ತಪ್ಪಲ್ಲ, ನಾನು ಕಲಿಸಿದ ರೀತಿಯ ತಪ್ಪು ಎಂದರು. ಮಕ್ಬೂಲ್ ಕೆಲಸ ನಿಲ್ಲಿಸದೆ ಕೇಳಿಸಿಕೊಂಡರು. ಆ ಹೊತ್ತಿಗೆ ಒಂದು ಎಳೆ ತುಂಡಾಯಿತು. ಅವರು ಅತ್ತ ನೋಡದೆಯೇ ಇನ್ನೊಂದು ಗೂಡಿನ ಎಳೆಯನ್ನು ಹಿಡಿದು ಸೇರಿಸಿದರು. ರಾಟೆ ನಿಲ್ಲಲೇ ಇಲ್ಲ. ತುಂಡಾದದ್ದು ಹೇಗೆ ತಿಳಿಯಿತೆಂದು ಮೇಷ್ಟ್ರು ಬೆರಗಿನಿಂದ ಕೇಳಿದರು.

“ಕೈಗೆ ಗೊತ್ತಾಯ್ತದೆ ಮೇಷ್ಟ್ರೇ,” ಎಂದು ಮಕ್ಬೂಲ್ ನಕ್ಕರು. “ನಾನು ಕಲಿಯೋವಾಗ ನಮ್ಮಪ್ಪ ಪಕ್ಕದಲ್ಲೇ ನಿಂತಿರೋರು. ಎಳೆ ಕಿತ್ರೆ ನಾನು ಕೈ ಇಡೋಕ್ ಮುಂಚೆ ಅವ್ರೇ ಸೇರಿಸ್ಬುಡೋರು. ಒಂದ್ ವರ್ಸ ಆದ್ರೂ ನಂಗೇನೂ ಬರ್ಲಿಲ್ಲ. ಒಂದಿನ ಸಿಟ್ಟು ಬಂದು ಬಾಗ್ಲಲ್ಲಿ ಬೀದಿ ಕಡೆ ಮುಖ ಹಾಕ್ಕೊಂಡು ಟೀ ಕುಡೀತಾ ಕೂತ್ಬುಟ್ರು. ಅವತ್ತು ಸಂಜೆಗೆ ನನ್ ಕೈ ಓಡ್ತು.”

ಟೀ ತಂದಿದ್ದ ಅಸ್ರಾ ಬಾಗಿಲ ಬಳಿಯೇ ನಿಂತಿದ್ದಳು. ನಾಟಕಕ್ಕೆ ಮತ್ತೆ ಬರುತ್ತೀಯಾ ಎಂದು ಮೇಷ್ಟ್ರು ಕೇಳಿದಾಗ ಅವಳು ಲೋಟವನ್ನು ಅವರ ಕೈಗಿಟ್ಟಳು.

“ನೀವು ಮುಂದೆ ಕೂತ್ರೆ ನಿಮ್ ತುಟೀನೇ ನೋಡ್ತೀನಿ ಸಾರ್. ಕೂರಲ್ಲ ಅಂದ್ರೆ ಬತ್ತೀನಿ.”

ಮರುದಿನದಿಂದ ಆ ಶಾಲೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಮಕ್ಕಳು ಜಗುಲಿಯ ಮೇಲೆ ಹಲಸಿನ ಮರದ ನಾಟಕವನ್ನು ಆಡುವುದು, ನಾಟಕದ ಮೇಷ್ಟ್ರು ಅವರಿಗೆ ಬೆನ್ನು ಮಾಡಿ, ಕಾಂಪೌಂಡ್ ಗೋಡೆಗೆ ಮುಖಮಾಡಿ ಕೂತುಕೊಳ್ಳುವುದು. ಮುಖ್ಯೋಪಾಧ್ಯಾಯಿನಿ ಲತಾಮಣಿಯವರು ಮೊದಲ ದಿನ ನಿಂತು ನೋಡಿ, “ಏನ್ ಮೇಷ್ಟ್ರೇ, ಮಕ್ಕಳು ನಿಮ್ಮನ್ನ ಮೂಲೇಲಿ ಕೂರಿಸಿಬಿಟ್ರಾ?” ಎಂದು ಕೇಳಿಯೇ ಹೋದರು.

ಐವತ್ತನಾಲ್ಕು ವರ್ಷದ ಮನುಷ್ಯನಿಗೆ ಅದು ಸುಲಭವಿರಲಿಲ್ಲ. ಬೆನ್ನ ಹಿಂದೆ ಯಾರದಾದರೂ ಮಾತು ತಡವರಿಸಿದರೆ ಅವರ ಬೆನ್ನು ಸೆಟೆಯುತ್ತಿತ್ತು. ಮೂರನೆಯ ದಿನ ತಡೆಯಲಾರದೆ ತಿರುಗಿ ಮಾತು ಎತ್ತಿಕೊಟ್ಟರು. ಅಸ್ರಾ ಕೋಲು ಕೆಳಗಿಟ್ಟು ಜಗುಲಿಯಿಂದ ಇಳಿದಳು. ಆಮೇಲೆ ಅವರು ತಿರುಗಲಿಲ್ಲ. ಮಾತು ಬಾಯಿಗೆ ಬಂದಾಗ ಹೆಗಲ ಮೇಲಿನ ಟವೆಲನ್ನು ಕಚ್ಚಿಕೊಳ್ಳುತ್ತಿದ್ದರು.

ಮೊದಲ ಎರಡು ವಾರ ನಾಟಕ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ನೀನು ಮರೆತೆ, ನಾನಲ್ಲ ಎಂದು ಮಕ್ಕಳು ಕಿತ್ತಾಡಿದರು. ಅಸ್ರಾ ಅವರಿಗೆ ತಂದೆಯ ಕೆಲಸವನ್ನು ತಿಳಿಸಿ ಹೇಳಿದಳು. ಎಳೆ ಕಿತ್ತರೆ ರಾಟೆ ನಿಲ್ಲಿಸುವ ಹಾಗಿಲ್ಲ, ಹತ್ತಿರ ಇದ್ದವರು ಇನ್ನೊಂದು ಎಳೆ ಹಾಕಬೇಕು. ಅದಕ್ಕೆ ಪಕ್ಕದವರ ಮೇಲೆ ಕಣ್ಣಿರಬೇಕು. ಮಕ್ಕಳು ನಿಧಾನವಾಗಿ ಒಬ್ಬರನ್ನೊಬ್ಬರು ನೋಡತೊಡಗಿದರು. ಗೋಡೆಯ ಕಡೆ ಕೂತ ಮೇಷ್ಟ್ರಿಗೂ ಇಪ್ಪತ್ತೆರಡು ವರ್ಷ ಕೇಳದಿದ್ದ ಸಂಗತಿಗಳು ಕೇಳಿಸಿದವು. ಅಣ್ಣನ ಪಾತ್ರದ ಫರ್ಹಾನ್ ಸಿಟ್ಟಿನ ಮಾತಿಗೆ ಮೊದಲು ಉಸಿರು ನುಂಗುತ್ತಾನೆ. ತಮ್ಮನ ಹೆಂಡತಿಯಾದ ದಿವ್ಯ ಸುಳ್ಳು ಹೇಳುವ ಕಡೆ ಕಾಲು ಎಳೆಯುತ್ತಾಳೆ, ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಈ ವರ್ಷದ ಸ್ಪರ್ಧೆ ನಡೆದದ್ದು ಚನ್ನಪಟ್ಟಣದಲ್ಲಿ. ಶಿಕ್ಷಕರು ಹೊರಗಿರಬೇಕೆಂಬ ನಿಯಮ ಹಾಗೆಯೇ ಇತ್ತು. ಬಾಲರಾಜು ಮೇಷ್ಟ್ರು ಯಾರೂ ಹೇಳುವ ಮೊದಲೇ ಹೊರಗೆ ಬಂದು, ಕಿಟಕಿಯ ಕೆಳಗೆ ಗೋಡೆಗೆ ಮುಖಮಾಡಿ ನಿಂತರು. ಒಳಗೆ ಅಣ್ಣತಮ್ಮಂದಿರ ಜಗಳ ಚೆನ್ನಾಗಿಯೇ ಏರಿತು. ಮರ ನೆಟ್ಟವರು ಯಾರೆಂದು ದಿವ್ಯ ಹೇಳಬೇಕಾದ ಜಾಗ ಬಂತು. ಮಾತು ಬರಲಿಲ್ಲ.

ಮೇಷ್ಟ್ರಿಗೆ ಆ ಮಾತು ಗೊತ್ತಿತ್ತು. ಕಿಟಕಿ ತೆರೆದಿತ್ತು. ಪಿಸುಗುಟ್ಟಿದರೂ ಸಾಕಿತ್ತು. ಅವರು ಟವೆಲನ್ನು ಹಲ್ಲಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದರು. ಒಳಗೆ ಕೋಲು ನೆಲಕ್ಕೆ ಕುಟ್ಟಿದ ಸದ್ದು.

“ಯಾಕವ್ವ, ಬಾಯಿಗೆ ಹಲಸಿನಂಟು ಮೆತ್ಕೊಂಡೈತಾ? ತೊಳೆ ತಿನ್ನೋವಾಗ ಚೆನ್ನಾಗಾಡ್ತಿತ್ತು ನಿನ್ ಬಾಯಿ. ಯೋಳು, ಯಾರು ನೆಟ್ಟಿದ್ದು ಈ ಮರವ?”

ಆ ಮಾತು ಮೇಷ್ಟ್ರು ಬರೆದದ್ದಲ್ಲ. ಸಭೆ ನಕ್ಕಿತು. ಹೋದ ವರ್ಷದ ನಗೆ ಅವರಿಗೆ ನೆನಪಿತ್ತು, ಇದು ಬೇರೆಯದು. ಆ ನಗೆಯೊಳಗೇ ದಿವ್ಯ ಸುಧಾರಿಸಿಕೊಂಡು, ನೆಟ್ಟವಳು ನೀನೇ ಅಲ್ಲವೇ ಅಜ್ಜಿ ಎಂದಳು. ನಾಟಕ ಮುಂದೆ ಓಡಿತು, ಕೊನೆಯವರೆಗೂ ನಿಲ್ಲಲಿಲ್ಲ.

ಅವರಿಗೆ ಬಂದದ್ದು ಎರಡನೆಯ ಬಹುಮಾನ. ಫರ್ಹಾನ್ ಅದಕ್ಕೆ ಮುಖ ಊದಿಸಿಕೊಂಡ. ಅಸ್ರಾ ಅಜ್ಜಿ ವೇಷದ ಬಿಳಿಗೂದಲು ತೆಗೆಯದೆಯೇ ಹೊರಗೆ ಬಂದು, ನೋಡಿದಿರಾ ಎಂದು ಕೇಳಿದಳು. ನೋಡಲಿಲ್ಲ ಕಣವ್ವ, ಕೇಳಿಸಿಕೊಂಡೆ ಎಂದರು ಮೇಷ್ಟ್ರು. ಅವಳು, “ಹಂಗಾದ್ರೆ ಸೋಮವಾರ ಸ್ಕೂಲಲ್ಲಿ ಇನ್ನೊಂದ್ಸಲ ಆಡ್ತೀವಿ. ಮುಂದೇನೇ ಕೂತ್ಕೊಂಡು ನೋಡಿ. ಈಗ ನಂಗೇನೂ ಆಗಲ್ಲ,” ಎಂದಳು.

ಸೋಮವಾರ ಶಾಲೆಯ ಅಂಗಳದಲ್ಲಿ ಎಲ್ಲ ಮಕ್ಕಳೂ ಸೇರಿದರು. ಮಕ್ಬೂಲ್ ಕೆಲಸ ಬಿಟ್ಟು ಬಂದು ಹಿಂದೆ ನಿಂತರು. ಬಾಲರಾಜು ಮೇಷ್ಟ್ರು ಎಷ್ಟೋ ತಿಂಗಳ ಮೇಲೆ ತಮ್ಮ ಮಕ್ಕಳಿಗೆ ಎದುರಾಗಿ ಮೊದಲ ಸಾಲಿನಲ್ಲಿ ಕೂತರು. ಅಜ್ಜಿ ಕೋಲೂರಿಕೊಂಡು ಬಂದಳು, ಎರಡು ಮಾತು ಆಡಿದಳು, ಮೂರನೆಯದಕ್ಕೆ ಸುಮ್ಮನಾದಳು. ಅವಳು ಕೋಲನ್ನೆತ್ತಿ ಮೊದಲ ಸಾಲಿನ ಕಡೆ ತೋರಿಸಿದಳು.

“ಸಾರ್, ತುಟಿ.”

ಮೇಷ್ಟ್ರು ನಾಚಿಕೊಂಡು ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಅಜ್ಜಿ ಮೊಮ್ಮಕ್ಕಳ ಕಡೆ ತಿರುಗಿ ಜಗಳ ಬಿಡಿಸಲು ಹೊರಟಳು.