ಹುಲ್ಲುಹಾಸಿನ ಕಣಜಗಳು

ಅದು ಹೊಸ ಪೈಸೆ ಚಲಾವಣೆಗೆ ಬಂದ ವರ್ಷವೆಂದು ಬಹುಕಾಲ ನಂಬಿದ್ದೆ. ದಿನಚರಿ ತೆಗೆದು ನೋಡಿದರೆ ಅದರ ಮರುವರ್ಷ, ೧೯೫೮ರ ಮಳೆಗಾಲ. ಆಗ ನಾನು ಕೋಲಾರ ಚಿನ್ನದ ಗಣಿಯ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟರು. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ದಿನವೂ ಜೊತೆಗೆ ಬರುತ್ತಿದ್ದ ಗೆಳೆಯ ಅದೇ ಶಾಲೆಯ ಕೆಳತರಗತಿಗಳಿಗೆ ಪಾಠ ಹೇಳುತ್ತಿದ್ದ. ಪದವಿ ಇದ್ದದ್ದು ನನಗೆ. ಆದರೆ ಕ್ಯಾಸಂಬಳ್ಳಿಯ ರಾಗಿ ಹೊಲದಲ್ಲಿ ಬೆಳೆದ ಅವನಿಗೆ ನನಗಿಲ್ಲದ ಕಣ್ಣಿತ್ತು.

ಗಣಿ ಅಧಿಕಾರಿಯೊಬ್ಬರ ಬಂಗಲೆಯಲ್ಲಿ ಅವನ ಸೋದರಮಾವ ಮಾಲಿಯಾಗಿದ್ದ. ಅಲ್ಲಿನ ಹುಲ್ಲುಹಾಸಿನ ಮೇಲೆ ಕಪ್ಪು ಕಣಜದ ಹುಳುಗಳು ಗೇಣೆತ್ತರದಲ್ಲಿ ಸುತ್ತುವುದನ್ನು ಎಲ್ಲರೂ ಕಂಡಿದ್ದರು. ಅವು ಮಣ್ಣು ಕೊರೆದು ಇಳಿದು, ಹುಲ್ಲಿನ ಬೇರು ತಿನ್ನುವ ಗೊಣ್ಣೆಹುಳುವನ್ನು ಕುಟುಕಿ, ಅದರ ಮೈಮೇಲೆ ಮೊಟ್ಟೆಯಿಡುತ್ತವೆಂದು ಕಂಡುಕೊಂಡವನು ಅವನೊಬ್ಬನೇ. ಎರಡು ಮಳೆಗಾಲಗಳ ಟಿಪ್ಪಣಿ ಒಂದು ನೋಟುಪುಸ್ತಕದಲ್ಲಿತ್ತು. ರೈಲಿನಲ್ಲಿ ಅದನ್ನೋದುತ್ತ ತಪ್ಪು ಹುಡುಕಿದೆ. ಸಿಕ್ಕಿದ್ದು ಕಾಗುಣಿತದ ತಪ್ಪುಗಳು ಮಾತ್ರ. ಬೆಂಗಳೂರಿನ ಪ್ರಾಧ್ಯಾಪಕರೊಬ್ಬರು ಕಣಜಗಳನ್ನು ನೋಡಲು ಭಾನುವಾರ ಬರುವುದಾಗಿ ಅವನಿಗೆ ಕಾಗದ ಬರೆದಿದ್ದರು. ಅಂಥ ಕಾಗದ ನನಗೇಕೆ ಬರಲಿಲ್ಲವೆಂದು ಸಂಕಟವಾಯಿತು.

ಆ ವಾರವೇ ಮಾಲಿ ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದ. ಕಣಜ ಕಂಡರೆ ಬಂಗಲೆಯ ದೊರೆಸಾನಿ ಹೆದರುತ್ತಾರಂತೆ. ಏನು ಔಷಧಿ ಹಾಕಲೆಂದು ಕೇಳಿದ.

"ನಮ್ಮ ಉಡುಗನ್ನ ಕೇಳಿದ್ರೆ ಮುಟ್ಬೇಡ ಅಂತಾನೆ, ಸಾಮಿ. ನೀವು ಓದ್ದೋರು, ನೀವೇ ಏಳಿ."

ಬಿ.ಎಚ್.ಸಿ. ಎಂಬ ಕೀಟನಾಶಕದ ಪುಡಿ ಉದುರಿಸಲು ಹೇಳಿದೆ. ಅಳತೆಯನ್ನೂ ಹೇಳಿಕೊಟ್ಟೆ.

ಭಾನುವಾರ ಪ್ರಾಧ್ಯಾಪಕರು ನಮ್ಮಿಬ್ಬರ ಜೊತೆ ಮಧ್ಯಾಹ್ನದವರೆಗೆ ಕಾದರು. ಒಂದು ಕಣಜವೂ ಏಳಲಿಲ್ಲ. ದಾಸವಾಳದ ಬೇಲಿಯಡಿ ಜೇನ್ನೊಣಗಳೂ ಸತ್ತು ಬಿದ್ದಿದ್ದವು. ಗೆಳೆಯ ಅವನ್ನು ಒಂದೊಂದಾಗಿ ಹೆಕ್ಕಿ ನೋಟುಪುಸ್ತಕದ ಖಾಲಿ ಹಾಳೆಯ ಮೇಲಿಟ್ಟ. ಪುಡಿ ಹಾಕಲು ಹೇಳಿದವರು ಯಾರೆಂದು ಮಾವ ತಿಳಿಸಿದ್ದ. ಸಂಜೆಯ ರೈಲಿನಲ್ಲಿ ಬಂಗಾರಪೇಟೆ ಹತ್ತಿರವಾದಾಗ ಗೆಳೆಯ ಹೇಳಿದ.

"ಗೊಣ್ಣೆ ಮಣ್ಣಾಳದಾಗೆ ಐತೆ ಕಣ್ಲಾ. ಪುಡಿ ಅಷ್ಟು ದೂರ ಓಗಲ್ಲ. ಬರೋ ವರ್ಷ ಉಲ್ಲೇ ನಿಂಗೆ ಏಳ್ತದೆ, ನೋಡ್ಕೋ."

ಮರುವರ್ಷ ಹುಲ್ಲು ತೇಪೆತೇಪೆಯಾಗಿ ಹಳದಿಯಾಯಿತು. ಹಿಡಿದೆಳೆದರೆ ಬೇರಿಲ್ಲದೆ ಚಾಪೆಯಂತೆ ಮೇಲೆದ್ದು ಬರುತ್ತಿತ್ತು. ಕಾಗೆಗಳು ಗೊಣ್ಣೆಹುಳುಗಳನ್ನು ಬಗೆದು ತಿನ್ನುತ್ತಿದ್ದವು. ಅವನ ಮಾತು ನಿಜವಾಯಿತೆಂದು ಪಶ್ಚಾತ್ತಾಪಕ್ಕಿಂತ ಮೊದಲು ನನಗಾದದ್ದು ಹೊಟ್ಟೆಕಿಚ್ಚು. ಅವನು ಮತ್ತೆ ಟಿಪ್ಪಣಿ ಬರೆಯಲಿಲ್ಲ. ನಾನು ಸಂಶೋಧನೆಗೆ ಸೇರಿದೆ. ಆರಿಸಿಕೊಂಡ ವಿಷಯ ಕಣಜ.

ಪುಡಿಯ ಸಲಹೆ ಕೊಟ್ಟದ್ದು ಮೊದಲು, ಅವನ ಟಿಪ್ಪಣಿ ಓದಿದ್ದು ಆಮೇಲೆ ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದೆ. ಈ ಬರಹಕ್ಕಾಗಿ ಮತ್ತೆ ದಿನಚರಿ ತೆರೆದೆ. ಟಿಪ್ಪಣಿ ಓದಿದ್ದು ಸೋಮವಾರ. ಮಾಲಿ ಬಂದದ್ದು ಬುಧವಾರ. ಸೋಮವಾರದ ಪುಟದ ಕೊನೆಗೆ ನನ್ನದೇ ಕೈಬರಹದಲ್ಲಿ ಒಂದು ಸಾಲಿದೆ: "ಇದನ್ನು ನಾನು ಬರೆಯಬೇಕಿತ್ತು."

ಈಗ ಓದಿದಾಗಲೂ ಹಾಗೆಯೇ ಅನಿಸಿತು.