ಮಕ್ಕಳೊಂದಿಗರ ಸೀರೆ

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ಎಂಬತ್ಮೂರರಲ್ಲಿ, ಎಂಟನೇ ಕ್ಲಾಸಿನ ನಡುವೆ. ಬಿಡಿಸಿದ್ದು ಬೇರೆ ಯಾರೂ ಅಲ್ಲ, ನಾನೇ ಬಿಟ್ಟೆ. ಗುಂಡ್ಲುಪೇಟೆಯಲ್ಲಿ ಸೋದರಮಾವನ ಮೋಟಾರು ವೈಂಡಿಂಗ್ ಅಂಗಡಿಯಿತ್ತು. ಸುಟ್ಟುಹೋದ ಪಂಪ್‌ಸೆಟ್ಟಿನ ಹೊಟ್ಟೆ ಬಗೆದು ತಾಮ್ರದ ತಂತಿಯನ್ನು ಹೊಸದಾಗಿ ಸುತ್ತುವುದು ನನಗೆ ಗಣಿತದ ಮೇಷ್ಟ್ರ ಪಾಠಕ್ಕಿಂತ ಚೆನ್ನಾಗಿ ಅರ್ಥವಾಗುತ್ತಿತ್ತು. ಇವತ್ತಿಗೂ ಯಾರಾದರೂ ‘ಎಲ್ಲೀವರೆಗೆ ಓದಿದೀರಿ’ ಎಂದರೆ ಉತ್ತರಕ್ಕೆ ಮೊದಲು ನನ್ನ ಬೆನ್ನು ನೆಟ್ಟಗಾಗುತ್ತದೆ.

ಈ ಬೆಳಿಗ್ಗೆ ಬೇವಿನಸೊಪ್ಪು ಹಾಕಿ ಕುದಿಸಿದ ಹತ್ತಿಸೀರೆಯ ಹಬೆ ಹಿತ್ತಲಿನಿಂದ, ಈಗ ನನ್ನದೇ ಆಗಿರುವ ಅಂಗಡಿಯವರೆಗೂ ಬಂತು. ತಂತಿಗೆ ಬಳಿಯುವ ವಾರ್ನಿಷ್ ಕುಡಿದು ಮರಗಟ್ಟಿದ ನನ್ನ ಮೂಗಿಗೂ ಅದು ಗೊತ್ತಾಗುತ್ತದೆ. ನಮ್ಮ ಮನೆಯ ಭಾನುವಾರದ ವಾಸನೆ ಅದು. ಯಾಕೆಂದು ಹೇಳುತ್ತೇನೆ, ಬಿಡುವಿದ್ದರೆ ಕೂತುಕೊಳ್ಳಿ.

ನಮ್ಮ ಕಡೆ ಆಗತಾನೇ ಹುಟ್ಟಿದ ಕೂಸಿಗೆ ಹೊಸಬಟ್ಟೆ ಹಾಕುವುದಿಲ್ಲ. ಉಟ್ಟು ಉಟ್ಟು ಮೆತ್ತಗಾದ ಹಳೆಯ ಹತ್ತಿಸೀರೆಯ ತುಂಡೇ ಮೊದಲು ಮೈಗೆ ತಾಗಬೇಕು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರು ನಿಂತಾಗ ನನ್ನ ಹೆಂಡತಿ ಮಾದೇವಿ ತನ್ನದೇ ಎರಡು ಸೀರೆ ಹರಿದು, ಒಗೆದು, ಗಂಟು ಕಟ್ಟಿಟ್ಟಿದ್ದಳು. ಅದು ಎರಡು ಸಾವಿರದ ಮೂರನೇ ಇಸವಿ. ಏಳನೇ ತಿಂಗಳಲ್ಲೇ ನೋವು ಬಂತು. ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೆಣ್ಣುಮಗು. ಅಳಲಿಲ್ಲ.

ಪಕ್ಕದ ಮಂಚದಲ್ಲಿ ಪುಣಜನೂರಿನ ಹುಡುಗಿಯೊಬ್ಬಳು ಹೆತ್ತಿದ್ದಳು. ಕೂಸಿಗೆ ಸುತ್ತಲು ಅವರ ಹತ್ತಿರ ಇದ್ದದ್ದು ಅವಳ ಗಂಡನ ಒರಟು ಟವಲ್ಲೊಂದೇ. ಮಾದೇವಿ ಮಲಗಿದ್ದಲ್ಲಿಂದಲೇ ತನ್ನ ಗಂಟನ್ನು ಆ ಕಡೆ ತಳ್ಳಿದಳು. ಕೂಸಿನ ಅಜ್ಜಿ ಬಟ್ಟೆ ಬಿಚ್ಚಿ, ಕೆನ್ನೆಗೆ ಒತ್ತಿ ನೋಡಿಕೊಂಡು ಕೇಳಿದಳು.

“ಯಾರ ಮನೇದವ್ವ? ಮಕ್ಕಳೊಂದಿಗರದಾ?”

ಮಕ್ಕಳೊಂದಿಗರು ಎಂದರೆ ಮನೆತುಂಬ ಮಕ್ಕಳಿರುವವರು. ಮಾದೇವಿ ಸುಳ್ಳು ಹೇಳಬಹುದಿತ್ತು. “ನಮ್ದೇ ಕಣಜ್ಜಿ” ಅಂದಳು.

ಅಜ್ಜಿ ಬಟ್ಟೆಯನ್ನು ಇದ್ದ ಹಾಗೇ ಮಡಿಸಿದಳು. ಕೆಟ್ಟ ಹೆಂಗಸಲ್ಲ, ಕಣ್ಣಲ್ಲಿ ನೀರಿತ್ತು. “ತಪ್ಪು ತಿಳ್ಕಬ್ಯಾಡ ಕಣವ್ವ. ಎಳೇ ಕೂಸು. ಮನ್ಸು ಒಪ್ಪಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಆ ಅಜ್ಜಿಯನ್ನು ಬೈಯುತ್ತಲೇ ಇದ್ದೆ. ತೆರಕಣಾಂಬಿ ದಾಟಿದ ಮೇಲೆ ಮಾದೇವಿ ಬಾಯಿಬಿಟ್ಟಳು. “ಬೈಬ್ಯಾಡಿ. ಆ ಕೂಸ್ಗೆ ಟವಲ್ಲೇ ಗತಿ ಆಯ್ತಲ್ಲ, ಅದ ನೋಡಿ. ನಮ್ದು ಬ್ಯಾಡ ಬುಡಿ. ಮಕ್ಕಳಿರೋ ಮನೇವೇ ಕೇಳಿ ತರನ.”

ಮಗಳ ಹೆಸರಿನಲ್ಲಿ ಅನ್ನೋಣವೆಂದರೆ ಹೆಸರಿಡುವಷ್ಟು ಹೊತ್ತೂ ಅವಳು ಇರಲಿಲ್ಲ. ಆದರೂ ಅವಳಿಗಾಗಿಯೇ ಶುರುವಾಯಿತು. ಮನೆಮನೆಗೆ ಹೋಗಿ ಹಳೆಯ ಸೀರೆ ಕೇಳಿ ತರುವುದು, ಕುದಿಸುವುದು, ಒಣಗಿಸುವುದು, ಒಂದೊಂದು ಸೀರೆಯನ್ನು ಎಂಟೆಂಟು ತುಂಡು ಮಾಡಿ ಆಸ್ಪತ್ರೆಗೆ ಕೊಡುವುದು. ಅಜ್ಜಿಯರು ಕೇಳುವ ಮೊದಲೇ ಉತ್ತರವಿರಲೆಂದು ಪ್ರತಿ ತುಂಡಿಗೂ ಚೀಟಿ: ಯಾವ ಊರು, ಯಾರ ಮನೆ, ಮಕ್ಕಳೆಷ್ಟು. ಬರೆಯುವವನು ನಾನು. ಅಕ್ಷರ ಎಂಟನೇ ಕ್ಲಾಸಿನದು. ಒಮ್ಮೆ ಚೀಟಿಗಳು ಅದಲುಬದಲಾಗಿ, ಐದು ಮಕ್ಕಳ ಮನೆಯ ಬಟ್ಟೆ ತನಗೇ ಬರಬೇಕೆಂದು ಇಬ್ಬರು ಅಜ್ಜಿಯರು ವಾರ್ಡಿನಲ್ಲೇ ಜಗಳಕ್ಕೆ ನಿಂತರು.

ಅದೇ ಸಮಯಕ್ಕೆ ಚಾಮರಾಜನಗರದ ಒಂದು ಕಂಪ್ಯೂಟರ್ ಕ್ಲಾಸಿನವರ ಸ್ಟೆಬಿಲೈಸರ್ ರಿಪೇರಿಗೆ ಬಂದಿತ್ತು. ಅದನ್ನು ಕೂರಿಸಲು ಹೋದವನು ಅಲ್ಲಿನ ಮೇಡಂ ಅವರನ್ನು ಕೇಳಿದೆ.

“ಇದು ಒಂದೇ ಚೀಟೀನ ಎಂಟು ಸಲ ಬರೀತದಾ?”

“ಬರೀತದೆ. ಹೆಂಗೆ ಅಂತ ಯಾರಾದ್ರೂ ಹೇಳ್ಕೊಡ್ಬೇಕು.”

‘ನೀವೇ ಹೇಳಿಕೊಡಿ’ ಎನ್ನಲು ನನ್ನ ಜಂಬ ಬಿಡಲಿಲ್ಲ. ಪಕ್ಕದಲ್ಲಿ ಪಿಯುಸಿ ಹುಡುಗಿಯರು ಕಿಸಕ್ಕೆಂದರು. ಆ ನಗೆಯ ಹಟಕ್ಕೇ “ನನ್ನೂ ಸೇರಿಸ್ಕೊಳ್ಳಿ” ಅಂದುಬಿಟ್ಟೆ. ನನಗೆ ಮೂವತ್ತೈದು, ಮೇಡಂಗೆ ಇಪ್ಪತ್ತೆರಡೋ ಇಪ್ಪತ್ಮೂರೋ.

ವಾರಕ್ಕೆರಡು ದಿನ ಬಸ್ಸು. ಕಪ್ಪು ಉಗುರಿನ ಬೆರಳುಗಳಿಂದ ಕೀಬೋರ್ಡಿನಲ್ಲಿ ಕೀಲಿ ಹುಡುಕುವುದರಲ್ಲೇ ಗಂಟೆ ಕಳೆಯುತ್ತಿತ್ತು. ಇಂಗ್ಲಿಷ್ ಬಾರದಿದ್ದರೂ ಒಂದು ಪಾಠ ಮಾತ್ರ ನನಗೆ ಎಲ್ಲರಿಗಿಂತ ಮೊದಲು ಹತ್ತಿತು: ಲೆಕ್ಕ ತುಂಬುವವರೆಗೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು. ಟೀ ಅಂಗಡಿಯಲ್ಲಿ ಗೆಳೆಯನೊಬ್ಬ ಕೆಣಕಿದ, “ಏನ್ಲಾ, ಮೋಟ್ರು ಸುತ್ತೋದ್ ಬುಟ್ಟು ಕಂಪ್ಯೂಟ್ರು ಕುಟ್ತೀಯಂತೆ?” “ಎರಡೂ ಸುತ್ತೋದೇ ಕಣ್ಲಾ” ಅಂದೆ. ಅಂದ ವಾರವೇ ನನ್ನ ಮೊದಲ ಪ್ರೋಗ್ರಾಂ ಬೇಗೂರಿನ ಐದು ಮಕ್ಕಳ ತಾಯಿಯ ಹೆಸರನ್ನು ಪ್ರಿಂಟರಿನ ಕಾಗದ ಮುಗಿಯುವವರೆಗೂ ಹೊಡೆಯಿತು. ಮೇಡಂ ನಗದೆ ಹೇಳಿದರು, “ನಿಲ್ಲು ಅನ್ನೋದನ್ನೂ ನೀವೇ ಹೇಳ್ಬೇಕು ಸಾರ್.” ತಪ್ಪು ಮಾಡಿದ್ದಕ್ಕೆ ಸಾರ್ ಅನ್ನಿಸಿಕೊಂಡದ್ದು ಅದೇ ಮೊದಲು.

ಕಲಿತೆ. ಚೀಟಿ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತಿತ್ತು, ವಾರ್ಡಿನ ನರ್ಸಮ್ಮ ಓದಿ ಹೇಳುತ್ತಿದ್ದರು. ಮಕ್ಕಳ ಲೆಕ್ಕದ ಜಾಗದಲ್ಲಿ ಸೊನ್ನೆ ಒತ್ತಿದರೆ ಒಪ್ಪಬೇಡ, ಕೂಗಿ ಮತ್ತೆ ಕೇಳು ಎಂಬ ಒಂದು ಸಾಲನ್ನು ನಾನೇ ಯೋಚಿಸಿ ಸೇರಿಸಿದೆ. ಮೇಡಂ ಮೆಚ್ಚಿದರು. ಸಿಕ್ಕಸಿಕ್ಕವರಿಗೆಲ್ಲ ಆ ಸಾಲಿನ ಬಗ್ಗೆ ಹೇಳಿಕೊಂಡು ತಿರುಗಿದೆ.

ಎರಡು ವರ್ಷದ ಮೇಲೆ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರೊಂದನ್ನು ಅಂಗಡಿಯಲ್ಲೇ ಇಟ್ಟೆ. ಅಷ್ಟರಲ್ಲಿ ಮಾದೇವಿಯೂ ಕೀಲಿ ಒತ್ತುವುದನ್ನು ಕಲಿತಿದ್ದಳು. ಒಂದು ಭಾನುವಾರ ತಾನು ದಿನಾ ಉಡುತ್ತಿದ್ದ ನೀಲಿ ಸೀರೆಯನ್ನು ಕುದಿಸಿ, ಹರಿದು ತಂದು, ಕುರ್ಚಿಯಲ್ಲಿ ಕೂತಳು. ಊರು ಒತ್ತಿದಳು. ತನ್ನ ಹೆಸರು ಒತ್ತಿದಳು. ಮಕ್ಕಳ ಜಾಗದಲ್ಲಿ ಸೊನ್ನೆ ಒತ್ತಿದಳು. ಯಂತ್ರ ಕೂಗಿತು. ಮತ್ತೆ ಒತ್ತಿದಳು. ಮತ್ತೆ ಕೂಗಿತು.

“ಇದ್ಯಾಕೆ ಒಪ್ತಿಲ್ಲ?”

ಪುಣಜನೂರಿನ ಆ ಅಜ್ಜಿ ಬೇಡವೆಂದಾಗ ಅವಳ ಕಣ್ಣಲ್ಲಾದರೂ ನೀರಿತ್ತು. “ನಾನೇ ಹಂಗೆ ಬರ್ದಿರೋದು” ಅಂದೆ.

“ಸರಿ ಬುಡಿ” ಎಂದು ಬಟ್ಟೆ ಮಡಿಸತೊಡಗಿದಳು.

“ಇರು. ಏಳ್ಬ್ಯಾಡ.”

ಯೋಚಿಸಿ ಬರೆಯಲು ನನಗೆ ಒಂದು ವಾರ ಹಿಡಿದಿದ್ದ ಸಾಲನ್ನು ಅಳಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. “ಈಗ ಹಾಕು” ಅಂದೆ. ಅವಳ ಬೆರಳು ಸೊನ್ನೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಅಲ್ಲಿಂದ ಸರಿದು ಒಂದನ್ನು ಒತ್ತಿತು. “ಹೆತ್ತಿರದು ಒಂದಲ್ವಾ” ಅಂದಳು.

ಆ ಸೀರೆಯ ಮೊದಲ ತುಂಡು ಸಿಕ್ಕಿದ್ದು ಉಮ್ಮತ್ತೂರಿನ ಬಾಣಂತಿಗೆ. ನರ್ಸಮ್ಮ ಚೀಟಿ ಓದಿದರು. ಹುಡುಗಿ ಮಾದೇವಿಯನ್ನು ಕೇಳಿದಳು, “ಒಂದೇನಾ ಅಕ್ಕ? ಎಷ್ಟನೇ ಕ್ಲಾಸು?”

“ಇಲ್ಲ ಕಣಮ್ಮಿ. ಹೆಣ್ಣು. ಏಳು ತಿಂಗ್ಳಿಗೇ ಓಯ್ತು.”

ಹುಡುಗಿಯ ಅತ್ತೆಯ ಕೈ ಬಟ್ಟೆಯ ಕಡೆ ಬಂತು. ಬಾಗಿಲಲ್ಲಿ ನಿಂತಿದ್ದ ನಾನು ಜಗಳಕ್ಕೆ ಸಿದ್ಧನಾದೆ. ಹುಡುಗಿ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. “ಬುಡತ್ತೆ, ಮೆತ್ತಗದೆ” ಎಂದು ಕೂಸಿಗೆ ಸುತ್ತಿದಳು. ಅತ್ತೆ ಮಾದೇವಿಯ ಮುಖವನ್ನೇ ನೋಡಿದಳು. ಆಮೇಲೆ ಜಾರಿದ ಅಂಚನ್ನು ಎತ್ತಿ ಕೂಸಿನ ಪಾದದ ಕೆಳಗೆ ತಾನೇ ಸಿಕ್ಕಿಸಿದಳು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಅಂಗಡಿ ಒಂದು. ಹಳೆಯ ಕಂಪ್ಯೂಟರ್ ಒಂದು. ನೂರ ಹತ್ತೊಂಬತ್ತು ಸಾಲಿನ ಪ್ರೋಗ್ರಾಂ, ಮೊದಲು ನೂರಿಪ್ಪತ್ತಿತ್ತು. ಇವತ್ತು ಕುದಿಸಿದ ಸೀರೆ ಮೂರು, ಚೀಟಿ ಇಪ್ಪತ್ತನಾಲ್ಕು. ಹೆಂಡತಿ ಒಬ್ಬಳು. ಮಗಳು ಒಬ್ಬಳು.